ತಾನಾಗಿ ನಡೆಯಬೇಕಿದ್ದ ಸೀಡಿ

ಆಗ ನಾನು ನಂಜನಗೂಡಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ರಿಪೇರಿ ಕೆಲಸಕ್ಕಿದ್ದೆ. ಟಿ. ನರಸೀಪುರದ ಕಾಲೇಜೊಂದರ ಆಫೀಸಿನಲ್ಲಿ ವೈರಸ್ ಹೊಡೆದು ಕಂಪ್ಯೂಟರುಗಳೆಲ್ಲ ನಿಂತುಹೋಗಿವೆ ಎಂದು ಫೋನ್ ಬಂತು. ಮರುದಿನವೇ ಪರೀಕ್ಷೆ. ಹಾಲ್ ಟಿಕೆಟ್ ಇನ್ನೂ ಪ್ರಿಂಟ್ ಆಗಿರಲಿಲ್ಲ.

ನಾನು ಧೈರ್ಯವಾಗಿಯೇ ಹೋದೆ. ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಅದು ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ತುಂಬಿಸಿ, ತಾನಾಗಿ ಕೆಲಸ ಮುಗಿಸುವ ಸೀಡಿಯೊಂದನ್ನು ಮಾಡಿಟ್ಟುಕೊಂಡಿದ್ದೆ. ಅಂಗಡಿಯಲ್ಲಿ ಅದು ಸೊಗಸಾಗಿ ನಡೆದಿತ್ತು. ಆದರೆ ಕಾಲೇಜಿನವರು ಒಂದೊಂದು ಕಂಪ್ಯೂಟರನ್ನು ಒಂದೊಂದು ಕಾಲದಲ್ಲಿ ಒಂದೊಂದು ಕಡೆಯಿಂದ ತಂದಿದ್ದರು; ಒಂದರ ಒಳಗಿನ ಬಿಡಿಭಾಗಗಳು ಇನ್ನೊಂದರಂತಿರಲಿಲ್ಲ. ಒಂದರಲ್ಲಿ ಸೀಡಿ ಅರ್ಧಕ್ಕೆ ನಿಂತಿತು, ಇನ್ನೊಂದರಲ್ಲಿ ಹಾರ್ಡ್ ಡಿಸ್ಕೇ ಕಾಣಲಿಲ್ಲ. ಸರಿಯಾಗಿ ಎದ್ದ ಒಂದೇ ಒಂದು ಕಂಪ್ಯೂಟರ್ ಪ್ರಿಂಟರನ್ನು ಗುರುತಿಸಲಿಲ್ಲ.

ಕಿಟಕಿಯಾಚೆ ವಿದ್ಯಾರ್ಥಿಗಳು ಬೆಳಿಗ್ಗೆಯಿಂದ ನಿಂತಿದ್ದರು. ಮುಡುಕುತೊರೆ ಕಡೆಯ ಹುಡುಗಿಯೊಬ್ಬಳು ಸರಳು ಹಿಡಿದು, "ಸಾ, ಆಲ್ ಟಿಕೆಟ್ ಸಿಗ್ದಿದ್ರೆ ನಾಳೆ ಒಳಕ್ಕೆ ಬುಡಾಕಿಲ್ವಾ?" ಎಂದಳು. ನಾನು ಸೀಡಿಯನ್ನು ಹೊರತೆಗೆದು, ಒರೆಸಿ ಮತ್ತೆ ಹಾಕಿದೆ.

ಸಂಜೆ ಪ್ರಿನ್ಸಿಪಾಲರ ಮುಂದೆ ನಿಂತು, "ನನ್ನ ಕೈಲಿ ಆಗ್ತಾ ಇಲ್ಲ ಸಾರ್," ಎಂದೆ. ಕಣ್ಣು ತುಂಬಿಕೊಂಡಿತ್ತು. ಅವರು ಸೀಲನ್ನೂ ಇಂಕ್ ಪ್ಯಾಡನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಅಳ್ತಾ ಕೂತ್ರೆ ಆಯ್ತದಾ? ಬನ್ನಿ, ಕೈಲೇ ಬರ್ದು ಕೊಡನ."

ದಾಖಲಾತಿ ಪುಸ್ತಕ ನೋಡಿಕೊಂಡು ಗುಮಾಸ್ತರ ಜೊತೆ ನಾನೂ ಕೂತು ಬರೆದೆ. ಆ ಹುಡುಗಿ ತನ್ನ ಹಾಲ್ ಟಿಕೆಟ್ ಇಸಿದುಕೊಂಡು, ಸೀಲಿನ ಮಸಿ ಆರಲೆಂದು ಊದುತ್ತಾ ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಒಂದನ್ನು ಬಿಟ್ಟು ಉಳಿದ ಕಂಪ್ಯೂಟರುಗಳು ಮಾತ್ರ ಹಾಗೆಯೇ ಸತ್ತು ಬಿದ್ದಿದ್ದವು. ನಾನು ಮತ್ತೆ ಹೋಗಿ ಮೊದಲನೆಯದರ ಮುಂದೆ ಕುಳಿತೆ.