ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಂದಿ ಕಾಸು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮಾತಿಗೇ ಬರ. ನಗಬೇಡಿ. ನೀರಿಗೆ ಬರ ಬಂದರೆ ಟ್ಯಾಂಕರ್ ತರಿಸಬಹುದು, ಮಾತಿಗೆ ಬಂದರೆ ಏನು ತರಿಸುತ್ತೀರಿ?

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನೀವಿಬ್ಬರೂ ನನ್ನನ್ನು ಚಿಕ್ಕಜ್ಜಿ ಎಂದು ಕೂಗಿದಾಗಲೆಲ್ಲ ಪಕ್ಕದ ಮನೆಯವರು ನನ್ನ ತಲೆಯಲ್ಲಿ ಬಿಳಿ ಕೂದಲು ಹುಡುಕುತ್ತಾರೆ. ನಾನೇನು ಮಾಡಲಿ? ನಿಮ್ಮ ಅಜ್ಜಿ, ಅಂದರೆ ನನ್ನ ಅಕ್ಕ, ನನಗಿಂತ ಹದಿನೆಂಟು ವರ್ಷಕ್ಕೆ ದೊಡ್ಡವಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳು ಮದುವೆಯಾಗಿ ಹೊಸಕೋಟೆ ಸೇರಿದ್ದಳು. ಅವಳ ಮೊಮ್ಮಕ್ಕಳಿಗೆ ನಾನು ಅಜ್ಜಿಯೇ ತಾನೇ? ನಲವತ್ತು ದಾಟುತ್ತಲೇ ಆ ಪಟ್ಟ ಸಿಕ್ಕಿತು.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಆಮೇಲೆ ಬಾಣಸವಾಡಿಯ ಹೆಂಚಿನ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಅಮ್ಮ ಇದ್ದಾಗ ಅಪ್ಪ ಎಂಥ ಮಾತುಗಾರ ಅಂತೀರಿ! ಬಸ್ಸಿನಲ್ಲಿ ಯಾರ ಜೊತೆ ಜಗಳವಾಯಿತು, ಫ್ಯಾಕ್ಟರಿ ಕ್ಯಾಂಟೀನಿನ ಸಾರಿನಲ್ಲಿ ಬೇಳೆ ಇತ್ತೋ ಇಲ್ಲವೋ, ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳುತ್ತಿದ್ದರು. ಅಮ್ಮ ಹೋದ ಮೇಲೆ ಆ ಬಾಯಿಗೆ ಬೀಗ ಬಿತ್ತು. ಸಂಜೆ ಮೆಷಿನ್ ಎಣ್ಣೆಯ ವಾಸನೆ ಹೊತ್ತು ಬರುತ್ತಿದ್ದರು, ಅನ್ನ ಸಾರು ಮಾಡುತ್ತಿದ್ದರು. ‘ಊಟಕ್ಕೆ ಬಾ’, ‘ಪುಸ್ತಕ ತೆಗಿ’, ‘ಲೈಟ್ ಆರಿಸು’. ಅಷ್ಟೇ. ಒಂದು ದಿನವೂ ಬೈದವರಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮನೆಯ ಹಿಂದೆ ರೈಲು ಹೋದಾಗ ಗೂಡಿನಲ್ಲಿದ್ದ ತಟ್ಟೆಗಳು ಗಲಗಲ ಎನ್ನುತ್ತಿದ್ದವು, ಆಮೇಲೆ ಅದೂ ನಿಲ್ಲುತ್ತಿತ್ತು. ನಾನು ಪಕ್ಕದ ಮನೆಯ ಕೋಳಿಗಳ ಜೊತೆ ಮಾತಾಡುತ್ತಿದ್ದೆ. ಅವಾದರೂ ತಿರುಗಿ ಏನಾದರೂ ಅನ್ನುತ್ತಿದ್ದವು.

ಭಾನುವಾರ ಮಾತ್ರ ಬೇರೆ. ಅಪ್ಪನಿಗೆ ಹಳೇ ಕಾಸು ಕೂಡಿಡುವ ಹುಚ್ಚು. ಬೆಳಿಗ್ಗೆ ತಿಂಡಿ ಮುಗಿಸಿ, ಹಸಿರು ರಟ್ಟಿನ ಆಲ್ಬಮ್ಮನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಕೈ ಹಿಡಿದು ಶಿವಾಜಿನಗರದ ಬಸ್ಸು ಹತ್ತುತ್ತಿದ್ದರು. ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ನಡೆಯಬೇಕು. ಮೀನಿನ ವಾಸನೆ, ಕೊತ್ತಂಬರಿ ಕಟ್ಟಿನ ವಾಸನೆ, ಕಬಾಬಿನ ಹೊಗೆ ಎಲ್ಲ ಸೇರಿ ಮೂಗಿಗೆ ಬಡಿಯುತ್ತಿತ್ತು. ಗಲ್ಲಿಯ ಕೊನೆಗೆ, ಇಬ್ಬರು ಕುಳಿತರೆ ಮೂರನೆಯವರು ನಿಲ್ಲಬೇಕಾದಷ್ಟು ಜಾಗದಲ್ಲಿ, ಹಳೇ ಕಾಸಿನ ಅಂಗಡಿ. ಅಂಗಡಿಯವರು ಹಲಸೂರಿನ ತಮಿಳು ಮಾತಿನ ಮುದುಕರು, ಎಲ್ಲರಿಗೂ ‘ಅಣ್ಣಾಚಿ’. ಹಣೆಯಲ್ಲಿ ವಿಭೂತಿ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ.

ಆ ಹೊಸಿಲು ದಾಟಿದರೆ ಸಾಕು, ಅಪ್ಪನ ಬಾಯಿ ಬಿಚ್ಚುತ್ತಿತ್ತು. ಆಹಾ, ಏನು ಜಗಳ!

“ಇದೇನ್ರೀ ಅಣ್ಣಾಚಿ, ರಾಜನ ಕೆನ್ನೆ ಮೇಲೆ ಗೀರು?”

“ಎಪ್ಪತ್ತು ವರ್ಷದ ಕಾಸು ಸಾರ್. ನಿಮ್ಮ ಕೆನ್ನೆ ಮೇಲೆ ಇಲ್ವಾ ಗೀರು? ನಿಮ್ಮನ್ನ ಯಾರಾದ್ರೂ ಅರ್ಧ ರೇಟಿಗೆ ಕೇಳಿದ್ರಾ?”

“ಹೋದ ವಾರಾನೂ ಇದೇ ಕಾಸು ತೋರ್ಸಿ ‘ನೆನ್ನೆ ಬಂತು’ ಅಂದ್ರಿ.”

“ಆ ನೆನ್ನೆ ಬೇರೆ ಸಾರ್, ಈ ನೆನ್ನೆ ಬೇರೆ.”

ಅಪ್ಪ ರೇಗಿ ಎದ್ದು ಗಲ್ಲಿಗೆ ಇಳಿಯುತ್ತಿದ್ದರು. ಅಣ್ಣಾಚಿ ಕೂಗಿ ಕರೆಯುತ್ತಿದ್ದರು. ಎರಡನೇ ಸಲ ಎದ್ದು ಹೋಗಿ ಬಂದಾಗ ಟೀ ಬರುತ್ತಿತ್ತು, ನನಗೆ ಒಂದು ಬನ್ನು. ಮೂರನೇ ಸಲಕ್ಕೆ ರೇಟು ಕುದುರುತ್ತಿತ್ತು, ಇಲ್ಲವೇ ಮುಂದಿನ ಭಾನುವಾರಕ್ಕೆ ಹೋಗುತ್ತಿತ್ತು. ನಾನು ಮೂಲೆಯ ಸ್ಟೂಲಿನಲ್ಲಿ ಬನ್ನು ತಿನ್ನುತ್ತ ಕೇಳುತ್ತಿದ್ದೆ. ಕಾಸಿನ ಮೇಲೆ ನನಗೆ ಅಂಥ ಆಸೆಯೇನೂ ಇರಲಿಲ್ಲ. ಅಪ್ಪನ ದನಿ ಕೇಳುವುದಕ್ಕೇ ನಾನು ಹೋಗುತ್ತಿದ್ದೆ. ವಾಪಸ್ ಬಸ್ಸು ಹತ್ತಿದ ಕೂಡಲೇ ಆ ದನಿ ಮತ್ತೆ ಆರು ದಿನಕ್ಕೆ ಮಾಯ.

ಹಸಿರು ಆಲ್ಬಮ್ಮಿನಲ್ಲಿ ಇದ್ದವು ಒಬ್ಬ ಬ್ರಿಟಿಷ್ ರಾಜನ ತಲೆಯಿದ್ದ ತಾಮ್ರದ ಬಣ್ಣದ ಕಾಲಾಣೆಗಳು. ಆತ ಗದ್ದುಗೆಗೆ ಬಂದ ಮೇಲೆ ಟಂಕಿಸಿದ ಒಂದೊಂದು ವರ್ಷದ್ದೂ ಒಂದೊಂದು. ಎಲ್ಲ ಸಿಕ್ಕಿದ್ದವು, ಒಂದೇ ಒಂದು ಬಿಟ್ಟು. ಮೊಟ್ಟಮೊದಲ ವರ್ಷದ್ದು, ಸಾವಿರದ ಒಂಬೈನೂರ ಹನ್ನೊಂದರದು. ಆ ವರ್ಷದ ಕಾಸಿನಲ್ಲಿ ರಾಜನ ನಿಲುವಂಗಿಯ ಮೇಲೆ ಕೆತ್ತಿದ ಪುಟ್ಟ ಆನೆಗೆ ಸೊಂಡಿಲು ಎಷ್ಟು ಗಿಡ್ಡವಾಯಿತೆಂದರೆ, ನೋಡಿದವರೆಲ್ಲ ಹಂದಿ ಎಂದರಂತೆ. ಜನ ಸಿಟ್ಟಾಗಿ, ಮರುವರ್ಷವೇ ಸರ್ಕಾರ ಸೊಂಡಿಲು ಉದ್ದ ಮಾಡಿತಂತೆ. ಅಪ್ಪ ಅದನ್ನು ಹಂದಿ ಕಾಸು ಎನ್ನುತ್ತಿದ್ದರು. ಅಣ್ಣಾಚಿ, “ಆನೆ ಸಾರ್ ಅದು, ಪಿಳ್ಳೆಯಾರ್ ಮುಖ, ಗಣಪತಿ ಮುಖ, ಹಂದಿ ಅನ್ಬೇಡಿ” ಎಂದು ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಅದಕ್ಕೂ ಒಂದು ಜಗಳ.

ಆಲ್ಬಮ್ಮಿನ ಮೊದಲ ಪುಟದ ಮೊದಲ ಕಿಸೆ ಖಾಲಿ. ಅಪ್ಪ ಊಟವಾದ ಮೇಲೆ ಅದನ್ನೇ ನೋಡುತ್ತ ಕೂರುತ್ತಿದ್ದರು. ನಾನು ನನ್ನ ತಲೆಯಲ್ಲಿ ಒಂದು ಲೆಕ್ಕ ಹಾಕಿಕೊಂಡೆ. ಅಪ್ಪನ ಮಾತು ನಿಂತಿರುವುದು ಆ ಖಾಲಿ ಕಿಸೆಯಿಂದ. ಹಂದಿ ಕಾಸು ಒಂದು ಸಿಕ್ಕಿಬಿಟ್ಟರೆ ಅಪ್ಪ ಮೊದಲಿನ ಹಾಗೆ ಆಗುತ್ತಾರೆ, ಮನೆಯಲ್ಲೂ ಮಾತಾಡುತ್ತಾರೆ. ದಿನಾ ಮಲಗುವಾಗ ದೇವರಿಗೆ ಇದನ್ನೇ ಹೇಳಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷದ ಬುದ್ಧಿ, ಇನ್ನೆಷ್ಟಿರುತ್ತೆ?

ಆ ಭಾನುವಾರ ಅಣ್ಣಾಚಿ ಎಂದಿನಂತೆ ಅಂಗಡಿಯನ್ನು ಅಪ್ಪನ ಕೈಗೆ ಒಪ್ಪಿಸಿ ಊಟಕ್ಕೆ ಹೋದರು. ಗಂಟೆಗಟ್ಟಲೆ ಜಗಳವಾಡುವ ಮನುಷ್ಯನಿಗೆ ಗಲ್ಲಾಪೆಟ್ಟಿಗೆ ಬಿಟ್ಟು ಹೋಗುವುದು ಅಂದರೇನು! ನನಗೆ ಆಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಪ್ಪ ಅಣ್ಣಾಚಿಯ ದಿಂಬಿನ ಮೇಲೆ ಕುಳಿತರು. ಎದುರಿಗೆ ಇಂದಿರಾನಗರದ ಸಾಹೇಬರು. ಇವರು ಪ್ರತಿ ವಾರ ಭೂತಗನ್ನಡಿ ಹಿಡಿದು ಬರುವವರು, ಇಡೀ ಅಂಗಡಿಯ ಕಾಸನ್ನೆಲ್ಲ ತೆಗೆಸಿ ನೋಡುವವರು, ಕೊನೆಗೆ ಕಾಸು ಹಾಕಿಡುವ ಒಂದು ಪ್ಲಾಸ್ಟಿಕ್ ಕವರ್ ಕೊಂಡು, “ಇದಕ್ಕೆ ಡಿಸ್ಕೌಂಟ್ ಇಲ್ವೇನ್ರಿ?” ಎನ್ನುವವರು.

ಅಷ್ಟರಲ್ಲಿ ಒಬ್ಬ ಯುವಕ ಬೆವರು ಒರೆಸಿಕೊಳ್ಳುತ್ತ ಬಂದ. ಟಿನ್ ಫ್ಯಾಕ್ಟರಿ ಬಡಾವಣೆ ಕಡೆಯಿಂದ ಬಂದಿದ್ದನಂತೆ. ಕರ್ಚೀಫಿನ ಗಂಟು ಬಿಚ್ಚಿ, ಅತ್ತ ಇತ್ತ ನೋಡಿ, ಮೆಲ್ಲಗೆ ಹೇಳಿದ.

“ಟಿಪ್ಪು ಕಾಲದ್ದು ಸಾರ್. ಪಾಯ ತೋಡ್ವಾಗ ಸಿಕ್ತು. ಒಂದು ಸೈಟ್ ಬರೋಷ್ಟು ಕೊಟ್ರೆ ಸಾಕು, ಜಾಸ್ತಿ ಆಸೆ ಇಲ್ಲ.”

ಅಪ್ಪ ಅದನ್ನು ಹೊರಳಿಸಿ ನೋಡಿದರು. ಹಿಂದೆ ದಾರ ಪೋಣಿಸುವ ಒಂದು ಕೊಂಡಿ.

“ಇದು ಗುಂಡಿ ಕಣಪ್ಪ. ಪೊಲೀಸ್ ಕೋಟಿನ ಗುಂಡಿ.”

“ಟಿಪ್ಪು ಕೋಟಿಂದೇ ಇರ್ಬೇಕು ಸಾರ್, ಸರಿಯಾಗಿ ನೋಡಿ!”

ಇಂದಿರಾನಗರದ ಸಾಹೇಬರು ಭೂತಗನ್ನಡಿ ಹಿಡಿದು ತಾವೂ ಬಗ್ಗಿದರು. ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಅಪ್ಪ ನಕ್ಕರು. ಹೌದು, ಗಟ್ಟಿಯಾಗಿ, ಹೊಟ್ಟೆ ಹಿಡಿದುಕೊಂಡು. ಎರಡು ವರ್ಷದಲ್ಲಿ ನಾನು ಆ ನಗು ಕೇಳಿರಲಿಲ್ಲ. ನನಗೆ ಖುಷಿಯೋ ಖುಷಿ. ಸುಮ್ಮನೆ ಕೂರಲಾಗದೆ, ಬನ್ನಿನ ಕಾಗದದ ಮೇಲೆ ಸೊಂಡಿಲಿಲ್ಲದ ಆನೆಯೊಂದನ್ನು ಬರೆದು ಅಪ್ಪನಿಗೆ ತೋರಿಸಿ ಇನ್ನೂ ನಗಿಸೋಣ ಎಂದು ಪೆನ್ಸಿಲ್ಲಿಗಾಗಿ ಅಣ್ಣಾಚಿ ಕಾಸು ಹರಡುವ ಹಲಗೆಯ ಕೆಳಗೆ ಕೈ ಹಾಕಿದೆ.

ಪೆನ್ಸಿಲ್ ಸಿಗಲಿಲ್ಲ. ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ನಡುವೆ ಕಿಟಕಿಯಿದ್ದ ರಟ್ಟಿನ ಚೌಕಗಳು, ಒಂದೊಂದರಲ್ಲಿ ಒಂದೊಂದು ಕಾಸು. ಎಲ್ಲ ಅಂಗಡಿಗಳಲ್ಲೂ ಆ ಚೌಕದ ಮೇಲೆ ವರ್ಷ ಮತ್ತು ರೇಟು ಬರೆದಿರುತ್ತಾರೆ. ಇವುಗಳ ಮೇಲೆ ರೇಟು ಇರಲಿಲ್ಲ. ಅಣ್ಣಾಚಿಯ ವಕ್ರ ಅಕ್ಷರದಲ್ಲಿ ಒಂದರ ಮೇಲೆ ‘ಇಂದಿರಾನಗರ ಸಾರ್’. ಇನ್ನೊಂದರ ಮೇಲೆ ‘ರೈಲ್ವೇ ಸಾರ್’. ಮತ್ತೊಂದರ ಮೇಲೆ ‘ಬಾಣಸವಾಡಿ ಸಾರ್, 1911’.

ಕಿಟಕಿಯಲ್ಲಿ ಇಣುಕಿದೆ. ಗಿಡ್ಡ ಸೊಂಡಿಲು. ಹಂದಿಯೇ!

ಈ ಮುದುಕ ಎಷ್ಟು ತಿಂಗಳಿಂದ ಇದನ್ನು ಬಚ್ಚಿಟ್ಟುಕೊಂಡು ಅಪ್ಪನನ್ನು ಆಟ ಆಡಿಸುತ್ತಿದ್ದಾನೆ! ಹಾಗೇ ಮುಚ್ಚಿ ಇಟ್ಟು ಕಾದೆ. ಗುಂಡಿಯವನು ಬೈದುಕೊಂಡು ಹೊರಟುಹೋದ. ಅಣ್ಣಾಚಿ ಹಲ್ಲು ಚುಚ್ಚಿಕೊಳ್ಳುತ್ತ ಬಂದು ಕುಳಿತರು. ಅಪ್ಪ ಎಂದಿನಂತೆ ಕೇಳಿದರು, “ನನ್ನ ಹಂದಿ ಬಂತೇನ್ರಿ?”

“ಎಲ್ಲಿ ಸಾರ್ ಬರತ್ತೆ? ಮದ್ರಾಸಿಗೆ ಬರ್ದಿದ್ದೀನಿ, ಬಾಂಬೆಗೆ ಬರ್ದಿದ್ದೀನಿ. ಇಡೀ ಇಂಡಿಯಾದಲ್ಲೇ ಇಲ್ಲ ಸಾರ್ ಆ ಕಾಸು.”

“ಸುಳ್ಳು!” ಎಂದು ಕಿರುಚಿದೆ. ಡಬ್ಬಿಯನ್ನು ಎತ್ತಿ ಹಲಗೆಯ ಮೇಲೆ ಕುಕ್ಕಿದೆ. “ಇಲ್ಲೇ ಇದೆ ಅಪ್ಪಾ! ನಿಮ್ಮ ಹೆಸರೇ ಬರ್ದಿದ್ದಾರೆ, ನೋಡಿ!”

ಇಂದಿರಾನಗರದ ಸಾಹೇಬರು ತಮ್ಮ ಹೆಸರಿನ ಚೌಕ ಕಂಡು, “ರೀ, ಇದನ್ನ ನಾನು ನಾಲ್ಕು ವರ್ಷದಿಂದ ಕೇಳ್ತಿದ್ದೀನಲ್ರೀ!” ಎಂದು ಕೂಗಾಡಿ, ಅದರ ದುಡ್ಡು ಎಸೆದು, ಕವರ್ ಕೂಡ ಕೇಳದೆ ಹೊರಟುಹೋದರು. ಅಣ್ಣಾಚಿ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸತೊಡಗಿದರು. ಎಷ್ಟು ಹೊತ್ತು ಒರೆಸಿದರೋ.

“ಎಷ್ಟು ಕೊಡ್ಲಿ?” ಎಂದರು ಅಪ್ಪ.

“ನಿಮಗೆ ತೋಚಿದ್ದು ಕೊಡಿ ಸಾರ್.”

ಅಪ್ಪ ಗೀರು ಹುಡುಕಲಿಲ್ಲ. ಎದ್ದು ಗಲ್ಲಿಗೆ ಇಳಿಯಲಿಲ್ಲ. ಒಂದು ನೋಟು ತೆಗೆದು ಹಲಗೆಯ ಮೇಲಿಟ್ಟರು. ಆ ದಿನ ಟೀ ಬರಲಿಲ್ಲ. ಅಪ್ಪ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಅಣ್ಣಾಚಿ ನನ್ನ ತಲೆಯ ಮೇಲೆ ಕೈ ಇಟ್ಟರು. ಬೈಯುತ್ತಾರೆ ಎಂದುಕೊಂಡೆ.

“ಪಾಪಾ,” ಎಂದರು, “ಕೊನೇ ಕಾಸು ಕೊಟ್ಬಿಟ್ರೆ, ನಿಮ್ಮಪ್ಪ ಮತ್ತೆ ಯಾಕಮ್ಮಾ ಬರ್ತಾರೆ?”

ವ್ಯಾಪಾರದ ಬುದ್ಧಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬಸ್ಸಿನಲ್ಲಿ ಅಪ್ಪ ನನ್ನ ಬೆನ್ನು ಸವರಿ, “ಒಳ್ಳೇದು ಮಾಡ್ದೆ” ಎಂದರು. ಅಷ್ಟೇ. ಮನೆಗೆ ಬಂದು ಕಾಸನ್ನು ಕಿಸೆಯಲ್ಲಿ ಕೂರಿಸಿದರು. ನಾನು ಎದುರಿಗೆ ಮಂಡಿ ಮಡಚಿ ಕುಳಿತು ಕಾದೆ. ಈಗ ಮಾತಾಡುತ್ತಾರೆ, ಈಗ ಮಾತಾಡುತ್ತಾರೆ. ಅಪ್ಪ ಆಲ್ಬಮ್ ಮುಚ್ಚಿ, ಬೀರುವಿನ ಮೇಲಿಟ್ಟು, “ಲೈಟ್ ಆರಿಸು” ಎಂದರು.

ಮುಂದಿನ ಭಾನುವಾರ ನಾನು ಜಡೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತೆ.

“ಹೋಗಲ್ವಾ ಅಪ್ಪಾ?”

“ಏನಕ್ಕೆ ಹೋಗೋದು? ಎಲ್ಲಾ ಸಿಕ್ತಲ್ಲ.”

“ಒಂದಾಣೆ ಶುರು ಮಾಡೋಣ. ಅದರಲ್ಲೂ ತುಂಬಾ ವರ್ಷ ಇರತ್ತೆ.”

“ನೋಡೋಣ” ಎಂದರು. ಆ ನೋಡೋಣ ನೋಡೋಣವಾಗಿಯೇ ಉಳಿಯಿತು. ಹೋಗಿ ಅಣ್ಣಾಚಿಯ ಮುಖ ನೋಡಲು ಅಪ್ಪನಿಗೆ ಸಂಕೋಚವಿತ್ತೋ ಏನೋ, ಮತ್ತೆ ಆ ಗಲ್ಲಿಗೆ ಕಾಲಿಡಲಿಲ್ಲ. ಏಳು ದಿನವೂ ಒಂದೇ ಥರ ಆಯಿತು. ನಾನು ಕೋಳಿಗಳ ಹತ್ತಿರ ಹೋಗಿ ಅತ್ತೆ. ಎಂಥ ಕೆಲಸ ಮಾಡಿಬಿಟ್ಟೆ! ಶಿವಾಜಿನಗರದಲ್ಲಿ ಅಂಥ ಅಂಗಡಿಗಳು ಬೇರೆಯೂ ಇದ್ದವು. ಅಪ್ಪ ಅಲ್ಲೆಲ್ಲೂ ಹೋಗಿ ಹಂದಿ ಕಾಸು ಇದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಇದು ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ, ಅಪ್ಪನೂ ಹೋದ ಮೇಲೆ.

ಹೋದ ಬೇಸಿಗೆಯಲ್ಲಿ ಇದನ್ನು ಅರ್ಧ ಹೇಳುವುದರೊಳಗೆ ನಿಮ್ಮಲ್ಲಿ ದೊಡ್ಡವನು ಫೋನಿನಲ್ಲಿ ಆ ಕಾಸನ್ನು ಹುಡುಕಿ ತೋರಿಸಿದ. ಒಂದಲ್ಲ, ಸಾಲುಸಾಲು ಹಂದಿಗಳು! “ಆರ್ಡರ್ ಮಾಡ್ಲಾ ಚಿಕ್ಕಜ್ಜಿ? ನಾಡಿದ್ದು ಬರುತ್ತೆ” ಎಂದ. ಚೌಕಾಸಿ ಮಾಡಬಹುದಾ ಎಂದು ಕೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕಿರಿ. ನಿಮಗೆ ಬೇಕಾದ್ದೆಲ್ಲ ಬಾಗಿಲಿಗೇ ಬರುತ್ತದೆ ಕಣ್ರೋ, ಒಳ್ಳೆಯದೇ. ತಂದುಕೊಡುವವನ ಮುಖ ಕೂಡ ನೀವು ನೋಡುವುದಿಲ್ಲ. ಎದ್ದು ಹೋದರೆ ಕರೆಯುವವರು ಆ ಫೋನಿನಲ್ಲಿ ಯಾರಿದ್ದಾರೆ?

ನಿಮ್ಮ ಮನೆ ಹತ್ತಿರದ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿದರೆ ಇಂದಿರಾನಗರದ ನನ್ನ ಮನೆಗೆ ಅರ್ಧ ಗಂಟೆಯೂ ಬೇಡ. ಆದರೂ ನೀವು ಬರುವುದು ಬೇಸಿಗೆಗೊಮ್ಮೆ. ಉಳಿದ ದಿನ ಇಲ್ಲಿ ನಾನು, ನನ್ನ ಕುಕ್ಕರಿನ ಸೀಟಿ. ಅದಕ್ಕೇ ಒಂದು ಮಾತು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ಬೇಸಿಗೆಯಲ್ಲಿ ಕೇರಂ ಬೋರ್ಡಿನ ರೆಡ್ ಕಳೆದುಹೋಯಿತು ಎಂದು ಮಂಚದ ಕೆಳಗೆಲ್ಲ ತೂರಿ ಹುಡುಕಿದಿರಲ್ಲ, ನೀನು ಎತ್ತಿಟ್ಟೆ, ನೀನು ಎತ್ತಿಟ್ಟೆ ಎಂದು ಕಿತ್ತಾಡಿದಿರಲ್ಲ, ಅದು ನನ್ನ ಬೀರುವಿನಲ್ಲಿದೆ. ಕೊಡುವುದಿಲ್ಲ. ಬಂದು ಜಗಳ ಆಡಿ.