ಮಾಲೀಕರ ತಂದೆಗೆ ಹಚ್ಚಿದ ದೀಪ

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು, ಠೇವಣಿಯ ಮಾತು ಬಂದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು, ‘ನಿಮ್ಮ ರೊಕ್ಕ ಎಲ್ಲೂ ಹೋಗಂಗಿಲ್ರಿ’ ಎನ್ನುತ್ತಿದ್ದರು. ಅಂಗಿಯ ಕಿಸೆಯೂ ಅಲ್ಲೇ ಇತ್ತು. ನಮ್ಮ ಪಡಸಾಲೆಯ ಗೋಡೆಯ ಮೇಲೆ ತಮ್ಮ ತೀರಿಹೋದ ತಂದೆಯ ಫೋಟೋ ಬಿಟ್ಟು, ‘ದಿನಾ ದೀಪಾ ಹಚ್ರಿ, ಪುಣ್ಯಾ ಬರತೈತಿ’ ಎಂದಿದ್ದರು. ಅವ್ವ ತಪ್ಪದೆ ಹಚ್ಚಿದಳು.

ಅಪ್ಪ ದುಡಿಯುತ್ತಿದ್ದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಮುಚ್ಚಿ, ಬಾಡಿಗೆ ಕಟ್ಟುವುದು ನಿಂತಿತು.

‘ಡಿಪಾಜಿಟ್‌ನ್ಯಾಗ ಮುರಕೊಳ್ರಿ’ ಎಂದ ಅಪ್ಪ.

ಮಾಲೀಕರು ನೊಂದುಕೊಂಡರು. ‘ಅದು ಮನಿ ಕೆಟ್ಟರ ರಿಪೇರಿಗೆ ಇಟ್ಟದ್ದರಿ.’

ಮನೆಯೊಳಗಿನವರು ಕೆಟ್ಟರೆ ಅದರಲ್ಲಿ ಅವಕಾಶವಿರಲಿಲ್ಲ.

ಮನೆ ಬಿಡುವ ದಿನ ಅವರು ವೈದ್ಯರಂತೆ ಗೋಡೆಗಳನ್ನೆಲ್ಲ ತಡವಿ ನೋಡಿದರು. ಕೊನೆಗೆ ತಂದೆಯ ಫೋಟೋದ ಸುತ್ತ ದೀಪದ ಮಸಿ ಸಿಕ್ಕಿತು.

‘ಗ್ವಾಡಿ ಕೆಡಿಸೀರಲ್ರಿ! ಸುಣ್ಣಾ ಬಳಿಯಾಕ ಡಿಪಾಜಿಟ್ ಪೂರಾ ಬೇಕಾಗತೈತಿ.’

ಅವ್ವ ಫೋಟೋದ ಮುಂದೆ ಉರಿಯುತ್ತಿದ್ದ ದೀಪವನ್ನು ಶಾಂತ ಮಾಡಿ, ಉಳಿದ ಎಣ್ಣೆಯನ್ನು ಬಾಟಲಿಗೆ ಬಸಿದುಕೊಂಡಳು.

‘ಎಣ್ಣಿ ನಮ್ದರಿ. ನಿಮ್ಮಪ್ಪಗ ಇನ್ನ ನೀವ ಹಚ್ರಿ.’

ಮಾಲೀಕರ ಕೈ ಥಟ್ಟನೆ ಎದೆಯ ಮೇಲೆ ಹೋಯಿತು.