ಇಬ್ಬರೂ ಬಂದರು

ಬರದ ಬೇಸಿಗೆ. ನೌಬಾದದ ನಮ್ಮ ಓಣಿಯ ಟ್ಯಾಂಕರಿನ ಬಳಿ, ನಮ್ಮ ಅತ್ತೆಯ ತುಂಬಿದ ಕೊಡವನ್ನು ಪಕ್ಕದ ಬಾಡಿಗೆ ಮನೆಯ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿ ಹುಡುಗ ಹೆಗಲಿಗೇರಿಸಿಕೊಂಡ. ಅವನ ಜೊತೆಗಾರನೂ ಪಾಳಿ ಬಿಟ್ಟು ಖಾಲಿ ಕೊಡ ಹಿಡಿದು ಹಿಂದೆಯೇ ಬಂದ. ನಮ್ಮ ಮನೆಯ ಕಟ್ಟೆಗೆ ಕೊಡ ಇಳಿಸಿ ತಿರುಗಿ ನೋಡಿದರೆ ಟ್ಯಾಂಕರ್ ಹೊರಟುಹೋಗಿತ್ತು.

“ಒಬ್ಬರು ಪಾಳಿ ಹಿಡಿದು ನಿಂತಿದ್ರ ನಿಮಗೂ ನೀರು ಸಿಗ್ತಿತ್ತಲ್ಲ, ಇಬ್ಬರೂ ಯಾಕ ಬಂದ್ರಿ?” ಎಂದೆ.

“ಸೇವಾದಾಗ ಇರೋತನ ಒಬ್ಬರನ್ನೊಬ್ಬರು ಬಿಟ್ಟು ಹೋಗಬಾರದು ಅಂತ ನೇಮ ಅದರಿ. ದೇವರಿಗೆ ಮಾತು ಕೊಟ್ಟೀವಿ,” ಎಂದ ಹುಡುಗ.

ಲಿಂಗಪೂಜೆ ಆಗದೆ ಹನಿ ನೀರೂ ಮುಟ್ಟದ ಅತ್ತೆ ತಮ್ಮ ಕೊಡ ಬಗ್ಗಿಸಿ ಅರ್ಧ ನೀರನ್ನು ಅವರ ಕೊಡಕ್ಕೆ ಸುರಿದರು.

ಹುಡುಗರ ದೇವರು ಬೇರೆ, ಅತ್ತೆಯ ದೇವರು ಬೇರೆ. ಆದರೂ ಆ ಮೂವರಿಗೂ ತಿಳಿದಿದ್ದ ನೇಮದ ಬೆಲೆಯನ್ನು ನಾನೊಬ್ಬಳೇ ಬಾಯಿಬಿಟ್ಟು ಕೇಳಬೇಕಾಯಿತು.